ಹತ್ತು ನಿಮಿಷದಕ್ಕ

ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಇಪ್ಪತ್ತೊಂದು ವರ್ಷದಿಂದ ಟೆಕ್ನಿಷಿಯನ್. ಕತ್ತಿನಲ್ಲಿ ಸ್ಟಾಪ್‌ವಾಚ್, ಮೂಗಿನ ತುದಿಯಲ್ಲಿ ಸಿಟ್ಟು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಹತ್ತು ನಿಮಿಷದಕ್ಕ ಎನ್ನುತ್ತಿದ್ದೆವು.

ಒಂದೊಂದು ಜೀವಕೋಶದೊಳಗೂ ಎರಡು ಮೀಟರ್ ಡಿಎನ್‌ಎ ಎಳೆ ಮುದುಡಿಕೊಂಡಿರುತ್ತದೆ. ಅದನ್ನು ಅಲ್ಲಲ್ಲಿ ಹಿಡಿದು ಕುಣಿಕೆ ಹಾಕುವುದು ಕೆಲವು ಪ್ರೋಟೀನುಗಳು. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದು ಅವು ಹಿಡಿಯುವ ಜಾಗವನ್ನು ಅವಲಂಬಿಸಿದೆ. ಆ ಜಾಗ ಹುಡುಕಲು ಫಾರ್ಮಲಿನ್ ಹಾಕಿ ಪ್ರೋಟೀನನ್ನು ಎಳೆಗೆ ಅಂಟಿಸುತ್ತೇವೆ, ಹತ್ತೇ ನಿಮಿಷ. ಆಮೇಲೆ ಎಳೆಯನ್ನು ತುಂಡರಿಸಿ, ಆ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿಯಿಂದ ಅದನ್ನು ಹಿಡಿದೆಳೆದರೆ ಅದು ಕೂತಿದ್ದ ತುಂಡೂ ಜೊತೆಗೆ ಬರುತ್ತದೆ. ಹೊತ್ತು ಮೀರಿದರೆ ಸಂಬಂಧವಿಲ್ಲದ್ದೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಅವಳು ರಜೆ ಹಾಕಿದ್ದ ದಿನ ಆ ಕೆಲಸ ನನ್ನ ಪಾಲಿಗೆ ಬಂತು. ಫಾರ್ಮಲಿನ್ ಹಾಕಿಟ್ಟು ಫೋನಿನಲ್ಲಿ ಅಮ್ಮನ ಜೊತೆ ಜಗಳಕ್ಕೆ ನಿಂತೆ. ತಿರುಗಿ ನೋಡಿದಾಗ ನಲವತ್ತು ನಿಮಿಷ ಆಗಿಹೋಗಿತ್ತು. ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಹತ್ತು ಎಂದೇ ಬರೆದೆ. ಫಲಿತಾಂಶ ಮಾತ್ರ ಲ್ಯಾಬಿನ ಮುಖ್ಯಸ್ಥರಾದ ಸರ್ ಬಯಸಿದ ಹಾಗೆಯೇ ಬಂತು. ನಮ್ಮ ಪ್ರೋಟೀನ್ ಅವರು ಹೇಳಿದ ಜೀನಿನ ಮೇಲೆಯೇ ಕೂತಿತ್ತು.

ಅಕ್ಕ ಅದನ್ನೇ ಮೂರು ಸಲ ಮಾಡಿದಳು. ಏನೂ ಬರಲಿಲ್ಲ.

"ನಿಮ್ಮ ಕೈ ಕೆಟ್ಟಿದೆ ಕಣ್ರೀ," ಸರ್ ಎಲ್ಲರೆದುರು ರೇಗಿದರು. "ಆ ಹುಡುಗಿಗೆ ಬರೋದು ನಿಮಗ್ಯಾಕೆ ಬರಲ್ಲ?"

"ನನ್ನ ಕೈಗೇನೂ ಆಗಿಲ್ಲ ಸರ್. ಸಂಬಂಧ ಇಲ್ಲದ ಆಂಟಿಬಾಡಿ ಹಾಕಿ ಇನ್ನೊಂದು ಟ್ಯೂಬ್ ಇಟ್ಟಿದ್ಲಾ ಕೇಳಿ. ಅದರಲ್ಲೂ ಇದೇ ತುಂಡು ಸಿಕ್ಕಿದ್ರೆ ಅದು ಬರೀ ಅಂಟು."

"ನನಗೇ ಪಾಠ ಹೇಳ್ಬೇಡಿ. ಇನ್ನೊಂದೇ ಸಲ ನೋಡ್ತೀನಿ. ಬರ್ಲಿಲ್ಲ ಅಂದ್ರೆ ಲ್ಯಾಬಿನ ಗಾಜಿನ ಸಾಮಾನು ತೊಳೆಯೋಕೆ ಹೋಗಿ."

ಅವಳು ನನ್ನ ಕಡೆ ತಿರುಗಿದಳು. "ಎಷ್ಟು ಹೊತ್ತು ಬಿಟ್ಟೆ? ನಿಜ ಹೇಳು."

"ಹತ್ತೇ ನಿಮಿಷ ಅಕ್ಕ."

ನಾಲ್ಕನೇ ಸಲ ನಾನು ಪಕ್ಕದಲ್ಲೇ ನಿಂತು ನೋಡಿದೆ. ಬೇಕೆಂದರೆ ಅವಳೂ ಹೊತ್ತು ಮೀರಲು ಬಿಡಬಹುದಿತ್ತು, ಕೆಲಸ ಉಳಿಯುತ್ತಿತ್ತು. ಸ್ಟಾಪ್‌ವಾಚ್ ಕೂಗಿದ ಕೂಡಲೇ ನಿಲ್ಲಿಸಿದಳು. ಏನೂ ಬರಲಿಲ್ಲ. ಸ್ಟಾಪ್‌ವಾಚನ್ನು ನನ್ನ ಮೇಜಿನ ಮೇಲೆ ಕುಕ್ಕಿ, ಗಾಜು ತೊಳೆಯುವ ಕೋಣೆಗೆ ಹೋದಳು.

ಈಗ ಅದು ನನ್ನ ಕತ್ತಿನಲ್ಲಿದೆ. ಅದೇ ಪ್ರಯೋಗವನ್ನು ಆರು ಸಲ ಮಾಡಿದ್ದೇನೆ, ಸರಿಯಾಗಿ ಹತ್ತು ನಿಮಿಷಕ್ಕೆ. ನನಗೂ ಏನೂ ಬಂದಿಲ್ಲ. ಯಾಕೆ ಎಂದು ನಿನ್ನೆ ಸರ್ ಕೇಳಿದರು. ಗಾಜು ಸರಿಯಾಗಿ ತೊಳೆಯುತ್ತಿಲ್ಲ ಎಂದೆ.