ಶಾಲೆಯ ಗೇಟಿನಿಂದ ನಿಮ್ಮನ್ನು ವಾಪಸ್ ಕಳಿಸಿದ್ದು

ಲಕ್ಷ್ಮೀದೇವಿ, ನಾನು ನಿನಗೆ ಸುಳ್ಳು ಹೇಳಿದೆ. ಆ ಭಾನುವಾರ ಕೊರಟಗೆರೆಯ ಶಾಲೆಯಲ್ಲಿ ಕುಡಿತ ಬಿಡುವವರ ಮೀಟಿಂಗ್ ನಡೆಯುತ್ತಿತ್ತು. ನಾನು ಗೇಟಿಗೆ ಅಡ್ಡ ನಿಂತು ಇಲ್ಲ ಎಂದೆ. ನಿನ್ನ ಗಂಡ ಸತ್ತು ನಾಲ್ಕು ವರ್ಷವಾಯಿತು. ನಾನು ಮೂರು ಹೊತ್ತು ಉಣ್ಣುತ್ತಿದ್ದೇನೆ — ಥೂ.

ನನ್ನ ಓದು ಎರಡನೇ ಕ್ಲಾಸು. ಅಕ್ಷರ ಸೊಟ್ಟಗಿದ್ದರೂ ನಾನೇ ಬರೆಯುತ್ತಿದ್ದೇನೆ. ಬೇರೆಯವರ ಕೈಲಿ ಬರೆಸಿದರೆ ಅವರು ಇದನ್ನು ಚೆಂದ ಮಾಡಿಬಿಡುತ್ತಾರೆ.

ಆ ಶಾಲೆಯಲ್ಲಿ ನಾನು ಕಸ ಗುಡಿಸುತ್ತಿದ್ದದ್ದು ನಿನಗೆ ಗೊತ್ತು. ಭಾನುವಾರ ಹತ್ತು ಗಂಟೆಗೆ ಹಿಂದಿನ ಕೋಣೆ ತೆಗೆದು, ಬೆಂಚುಗಳನ್ನು ಸುತ್ತ ಹಾಕಿ, ಟೀ ಕಾಯಿಸುತ್ತಿದ್ದದ್ದು ಗೊತ್ತಿರಲಿಲ್ಲ. ಹತ್ತು ಹದಿನೈದು ಗಂಡಸರು ಬರುತ್ತಿದ್ದರು. ಅವರಲ್ಲಿ ಒಬ್ಬ ನನ್ನ ಮಗ ನಾಗರಾಜ. ಅಲ್ಲಿ ಕೂತೇ ಅವನು ಕುಡಿತ ಬಿಟ್ಟಿದ್ದು. ಸಿದ್ದರಬೆಟ್ಟದ ಗವಿಯ ನೀರು ಕುಡಿದು ಬಿಟ್ಟ ಎಂದು ಪುರವರದ ನಿಮ್ಮ ಮನೆಯಲ್ಲಿ ಕೂತು ಕೊಚ್ಚಿಕೊಂಡೆನಲ್ಲ — ಸುಳ್ಳು. ನೀರು ಕುಡಿಸಿದ್ದು ನಿಜ. ಬೆಟ್ಟ ಇಳಿದ ಅರ್ಧ ಗಂಟೆಗೇ ಅವನು ಸಾರಾಯಿ ಹುಡುಕಿಕೊಂಡು ಹೋದ. ಆದರೆ ಹರಕೆ ಫಲಿಸಿತು ಎಂದರೆ ಬೀಗರ ಮುಂದೆ ಮರ್ಯಾದೆ. ಕುಡುಕರ ಜೊತೆ ಬೆಂಚಿನ ಮೇಲೆ ಕೂತು ಅತ್ತ ಎಂದರೆ?

ಅದೂ ಪೂರ್ತಿ ಕಾರಣವಲ್ಲ. ಆ ಕೋಣೆಯಲ್ಲಿ ಒಬ್ಬೊಬ್ಬರೇ ತಾವು ಕುಡಿದು ಮಾಡಿದ್ದನ್ನು ಬಾಯಿ ಬಿಟ್ಟು ಹೇಳುತ್ತಾರೆ. ನಾಗರಾಜನೂ ಹೇಳಿದ. ಲೋಟ ಹಿಡಿದು ನಿಂತು ಕೇಳಿಸಿಕೊಂಡೆ. ನನ್ನ ಸೊಸೆ ರತ್ನ, ನಿನ್ನ ನಾದಿನಿ, ಐದು ತಿಂಗಳ ಬಸುರಿ ಬಚ್ಚಲಲ್ಲಿ ಜಾರಿದಳು, ಮಗು ಹೋಯಿತು ಎಂದು ನಿಮಗೆ ಹೇಳಿಕಳಿಸಿದ್ದೆ. ಅವಳು ಜಾರಲಿಲ್ಲ. ನನ್ನ ಮಗ ಒದ್ದ. ಬಚ್ಚಲಿಗೆ ಎರಡು ಕೊಡ ನೀರು ಸುರಿದವಳು ನಾನು — ನೋಡಲು ಬಂದವರು ನಂಬಲಿ ಎಂದು. ರತ್ನ ಹಾಸಿಗೆಯಿಂದ ನನ್ನನ್ನು ನೋಡುತ್ತಿದ್ದಳು.

ಇನ್ನು ಆ ಭಾನುವಾರ. ನಿಮ್ಮೂರಿನ ನರ್ಸಮ್ಮ ಹೇಳಿದರೆಂದು ನೀವಿಬ್ಬರೂ ಬಸ್ಸಿಳಿದು, ಯಾವ ಶಾಲೆ, ಎಲ್ಲಿ ಎಂದು ಕಂಡಕಂಡವರನ್ನು ಕೇಳಿಕೊಂಡು ಬಂದಿರಿ. ನಿನ್ನ ಗಂಡ ಹನುಮಂತರಾಯ ಗಡ್ಡ ತೆಗೆಸಿ ಬಿಳಿ ಅಂಗಿ ಹಾಕಿದ್ದ. ನಡುಗುವ ಕೈಗಳನ್ನು ಜೇಬಿನಲ್ಲಿಟ್ಟುಕೊಂಡಿದ್ದ.

“ಏನತ್ತೆಮ್ಮ, ಭಾನುವಾರನೂ ನಿಂಗೆ ರಜ ಕೊಡಾಕಿಲ್ವಾ?” ಎಂದ. “ಶುಂಠಿ ಟೀ ವಾಸ್ನೆ ಬತ್ತೈತೆ. ನಮ್ಮಂತ ಕುಡುಕ್ರಿಗೇ ಕಾಯಿಸಿದ್ದೀಯಾ?” ನಗುತ್ತಿದ್ದ.

“ಸುಣ್ಣ ಹೊಡೆಯೋರು ಬಂದವ್ರೆ, ಅವ್ರಿಗೆ,” ಎಂದೆ.

ನೀನು ಹತ್ತಿರ ಬಂದು ಕೇಳಿದೆ: “ಕುಡ್ತ ಬುಡ್ಸೋ ಮೀಟಿಂಗು ಇಲ್ಲೇ ಅಂದ್ರು ಅತ್ತೆಮ್ಮ. ಇವ್ರೇ ಬತ್ತೀನಿ ಅಂದವ್ರೆ. ಇನ್ನೊಂದ್ ಸಲ ಅಂತಾರೋ ಇಲ್ವೋ.”

ಒಳಗೆ ನಾಗರಾಜ ಮಾತಾಡುತ್ತಿದ್ದ. ನೀವು ಹತ್ತು ಹೆಜ್ಜೆ ಇಟ್ಟಿದ್ದರೆ, ತಂಗಿಯ ಹೊಟ್ಟೆಗೆ ಒದ್ದವನ ದನಿ ಅಣ್ಣನ ಕಿವಿಗೆ ಬೀಳುತ್ತಿತ್ತು.

“ಇಲ್ಲಿ ಅಂತಾದ್ದೇನೂ ನಡೆಯಾಕಿಲ್ಲ ಕಣಮ್ಮ,” ಎಂದೆ. “ಬೆಟ್ಟಕ್ಕೆ ಕರ್ಕೊಂಡೋಗು. ಮೂರು ಸೋಮವಾರ ಗವಿ ನೀರು ಕುಡ್ಸು. ನಮ್ ನಾಗರಾಜನ್ನೇ ನೋಡು, ಹೆಂಗವ್ನೆ.”

ನಂಬಿದಿರಿ. ಮೂರು ಸೋಮವಾರ ಹತ್ತಿದಿರಿ. ಮೂರನೆಯ ಸಲ ಅವನು ಅರ್ಧ ದಾರಿಯಲ್ಲಿ ಕುಸಿದು ಕೂತು, “ನನ್ ಭಕ್ತಿನೇ ಸಾಲ್ದು ಕಣೇ” ಎಂದನಂತೆ. ನೀನೇ ಹೇಳಿದೆ. ಆಗಲೂ ಬಾಯಿ ಮುಚ್ಚಿಕೊಂಡಿದ್ದೆ. ಬೆಟ್ಟದ ತಪ್ಪಲ್ಲ, ಅವನ ಭಕ್ತಿಯ ತಪ್ಪೂ ಅಲ್ಲ. ವರ್ಷ ತುಂಬುವುದರೊಳಗೆ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ —

ಮಣ್ಣು ಮಾಡಿ ಬಂದ ಮೇಲೆ ನೀನು ನನ್ನ ಕಾಲು ಹಿಡಿದೆ. “ನೀನಾದ್ರೂ ಒಂದ್ ದಾರಿ ತೋರ್ಸ್ದೆ ಅತ್ತೆಮ್ಮ” ಎಂದೆ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಿನ್ನ ತಲೆ ಸವರಿದೆ.

ಒಳಗೆ ಹೋಗಿದ್ದರೆ ಅವನು ಬದುಕುತ್ತಿದ್ದನೋ, ಗೊತ್ತಿಲ್ಲ. ಅಲ್ಲಿಗೆ ಬಂದವರೆಲ್ಲ ಬಿಟ್ಟಿಲ್ಲ. ಆದರೆ ಅವನು ತಾನಾಗಿ ಬಂದಿದ್ದ. ಬಂದವನನ್ನು ನಾನು —

ಇಷ್ಟು ವರ್ಷ ಮುಚ್ಚಿಟ್ಟವಳು ಈಗೇಕೆ ಎನ್ನುತ್ತೀಯ. ಮೊನ್ನೆ ರತ್ನ ನಿನ್ನ ಜೊತೆ ಫೋನಿನಲ್ಲಿ ಮಾತಾಡಿದಳು. ನಿನ್ನ ಮಗ ಮಂಜುನಾಥನೂ ಕುಡಿಯಲು ಶುರು ಮಾಡಿದ್ದಾನಂತೆ, ಬರುವ ಸೋಮವಾರ ಅವನನ್ನು ಬೆಟ್ಟಕ್ಕೆ ಕರೆದೊಯ್ಯುತ್ತೀಯಂತೆ. ರತ್ನ ಫೋನಿಟ್ಟು ನನ್ನ ಕಡೆ ತಿರುಗಿದಳು. “ಇನ್ನೂ ಒಂದು ಹೆಣ ಬೇಕಾ ಅತ್ತೆ ನಿಂಗೆ?” ಇಷ್ಟು ವರ್ಷದಲ್ಲಿ ಅವಳು ನನಗೆ ಎದುರಾಡಿದ್ದು ಅದೊಂದೇ ಸಲ.

ನಾಗರಾಜನಿಗೆ ತಿಳಿಸಿಯೇ ಬರೆಯುತ್ತಿದ್ದೇನೆ. “ನನ್ ಹೆಸ್ರು ಹಾಕ್ಯೇ ಬರಿ ಅವ್ವ,” ಎಂದ.

ಬೆಟ್ಟಕ್ಕೆ ಕೈ ಮುಗಿಯಲು ಬೇಕಾದರೆ ಹೋಗು. ಮಗನನ್ನು ಮಾತ್ರ ಭಾನುವಾರ ಹತ್ತು ಗಂಟೆಗೆ ಆ ಹಿಂದಿನ ಕೋಣೆಗೆ ಕರೆದುಕೊಂಡು ಬಾ. ನಾಗರಾಜ ಈಗಲೂ ಅಲ್ಲಿ ಕೂರುತ್ತಾನೆ. ಅವನ ಮುಖ ಕಂಡು ಅಸಹ್ಯವಾದರೂ ಹಿಂದಿರುಗಬೇಡ. ನನ್ನನ್ನು ಇನ್ನು ಅತ್ತೆಮ್ಮ ಎನ್ನಬೇಡ, ನನ್ನ ಮನೆಗೂ ಬರಬೇಡ. ಅವನನ್ನು ಕರೆದುಕೊಂಡು ಅಲ್ಲಿಗೆ ಬಾ.