ಊಟ ನಿರಾಕರಿಸಿದರು

ಐದು ವಾರದಲ್ಲಿ ಎರಡನೇ ಸಲ ಅಮ್ಮನ ಗೌನನ್ನು ಪಕ್ಕ ಹಿಡಿಯಬೇಕಾಗಿ ಬಂದಾಗ ಆಲ್ಟರೇಷನ್ ಅಕ್ಕ ಮಿಷನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಮೊದಲ ಸಲ ಸುತ್ತಳತೆಯಲ್ಲಿ ಎರಡು ಇಂಚು ತೆಗೆದಿದ್ದಳು. ಈಗ ಮತ್ತೆ ಎರಡು. ಗಿರಾಕಿಗಳಲ್ಲಿ ಯಾರಾದರೂ ಹೀಗೆ ಇಳಿದಿದ್ದರೆ, ಏನ್ರೀ ಇಷ್ಟು ಸೊರಗಿದ್ದೀರಿ ಎಂದು ಕೇಳಿಬಿಡುತ್ತಿದ್ದಳು. ಅಮ್ಮನನ್ನು ಕೇಳುವ ಹಾಗಿರಲಿಲ್ಲ. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದ ಮೇಲೆ ಅಮ್ಮನಿಗೆ ಉಳಿದದ್ದು ಒಂದೇ ಮಾತು: ಹೂಂ. ನೋವಾ ಎಂದರೂ ಹೂಂ, ಆರಾಮಾ ಎಂದರೂ ಹೂಂ.

ಅಕ್ಕನಿಗೆ ಐವತ್ತೆರಡು. ಅಂಗಡಿ ಎರಡು ಕಟ್ಟಡಗಳ ಸಂದಿಯಲ್ಲಿದೆ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಹೊಸ ಬಟ್ಟೆ ಹೊಲಿಯುವುದಿಲ್ಲ. ಪ್ಯಾಂಟಿನ ಉದ್ದ, ಕೋಟಿನ ತೋಳು, ಕಿತ್ತುಹೋದ ಜಿಪ್ಪು, ಇಷ್ಟೇ. ಹೊಸದನ್ನು ಯಾರು ಬೇಕಾದರೂ ಹೊಲಿಯುತ್ತಾರೆ, ಇನ್ನೊಬ್ಬರ ತಪ್ಪನ್ನು ಬಿಚ್ಚುವುದಕ್ಕೆ ತಾಳ್ಮೆ ಬೇಕು ಎನ್ನುತ್ತಾಳೆ. ಅದು ಅಮ್ಮನ ಅಂಗಡಿ, ಅಮ್ಮನದೇ ಮಿಷನ್ನು. ಮನೆ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲಿನ ತುದಿಯಲ್ಲಿ. ಆಸ್ಪತ್ರೆಯಿಂದ ಬಂದ ದಿನ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊರಲು ನೋಡಿದರು. ಐದನೇ ಮೆಟ್ಟಿಲಲ್ಲಿ ಕುರ್ಚಿ ಗೋಡೆಗೆ ಸಿಕ್ಕಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಬರದೆ, ಅಮ್ಮ ಅರ್ಧ ಗಂಟೆ ನಡುವೆಯೇ ಹೂಂ ಹೂಂ ಎನ್ನುತ್ತ ಕುಳಿತಿದ್ದಳು. ಮರುವಾರ ಮೂರು ಬಸ್ ನಿಲ್ದಾಣದಾಚೆಯ ವೃದ್ಧರ ಆರೈಕೆ ಕೇಂದ್ರದಲ್ಲಿ ಮಂಚ ಸಿಕ್ಕಿತು.

ಅಕ್ಕ ದಿನಾ ಸಂಜೆ ನಾಲ್ಕಕ್ಕೆ ಅಲ್ಲಿಗೆ ಹೋಗುತ್ತಿದ್ದಳು. ಭೇಟಿಯ ಸಮಯ ನಾಲ್ಕರಿಂದ ಐದು. ಮಧ್ಯಾಹ್ನದ ಊಟ ಹನ್ನೆರಡೂವರೆಗೆ, ರಾತ್ರಿಯದು ಆರಕ್ಕೇ. ಊಟದ ಹೊತ್ತಿಗೆ ಮನೆಯವರನ್ನು ಬಿಡುವುದಿಲ್ಲ. ಊಟ ಮಾಡುವವರ ಗಮನ ತಪ್ಪುತ್ತದೆ ಎಂದು ಬಾಗಿಲ ಮೇಲೆ ಬರೆದಿತ್ತು. ಹಾಗಾಗಿ ಕೇಂದ್ರಕ್ಕೆ ಸೇರಿದ ಮೇಲೆ ಅಮ್ಮ ಊಟ ಮಾಡುವುದನ್ನು ಅಕ್ಕ ಒಂದು ದಿನವೂ ನೋಡಿರಲಿಲ್ಲ.

ಗೌನು ತೆಗೆದುಕೊಂಡು ಹೋದ ಸೋಮವಾರ ಮೇಟ್ರನ್ ಆಕೆಯನ್ನು ಮೇಜಿನ ಬಳಿ ಕರೆದು ಒಂದು ಕಾಗದ ಮುಂದಿಟ್ಟರು. ರೋಗಿ ಸತತವಾಗಿ ಆಹಾರ ನಿರಾಕರಿಸುತ್ತಿರುವುದರಿಂದ ಮೂಗಿನ ಮೂಲಕ ನಳಿಗೆ ಹಾಕಿ ದ್ರವಾಹಾರ ಕೊಡಲು ಕುಟುಂಬದ ಒಪ್ಪಿಗೆ ಇದೆ ಎಂದು ಅದರಲ್ಲಿತ್ತು. ಶುಕ್ರವಾರ ಡಾಕ್ಟರ್ ಬರುತ್ತಾರೆ, ಅಷ್ಟರಲ್ಲಿ ಸಹಿ ಬೇಕು.

ಅಕ್ಕ ದಿನಚರಿಯ ಪುಸ್ತಕ ಕೇಳಿದಳು. ಮೇಟ್ರನ್ ಅಡ್ಡಿಯೇನೂ ಮಾಡಲಿಲ್ಲ. ಅಂದವಾಗಿ ಬರೆದ ಪುಸ್ತಕದ ಬಗ್ಗೆ ಅವರಿಗೆ ಅಭಿಮಾನವಿದ್ದಂತಿತ್ತು. ಮೂವತ್ತನಾಲ್ಕು ದಿನಗಳಿಂದ ಒಂದೇ ಅಕ್ಷರದಲ್ಲಿ, ಒಂದೇ ನೀಲಿ ಶಾಯಿಯಲ್ಲಿ: ಊಟ ನಿರಾಕರಿಸಿದರು. ಊಟ ನಿರಾಕರಿಸಿದರು. ಪಕ್ಕದ ಕಾಲಂನಲ್ಲಿ ವಾರಕ್ಕೊಮ್ಮೆ ತೂಕ. ನಲವತ್ತೆಂಟು, ನಲವತ್ತೆಂಟು, ನಲವತ್ತೆಂಟು.

ಅಮ್ಮ ಜೀವಮಾನದಲ್ಲಿ ಯಾವುದನ್ನೂ ಬೇಡ ಎಂದವಳಲ್ಲ. ಬೇಡ ಎನ್ನಬೇಕಾಗಿದ್ದ ಗಂಡನನ್ನೂ ಬೇಡ ಎನ್ನಲಿಲ್ಲ. ತಳ ಹಿಡಿದ ಅನ್ನವನ್ನು ಕೆರೆದು ತಾನೇ ತಿಂದು, ಚೆನ್ನಾಗೇ ಇದೆ ಎಂದವಳು.

"ನಮ್ಮಮ್ಮನಿಗೆ ಬೇಡ ಅನ್ನೋಕೆ ಬಾಯೇ ಇಲ್ಲವಲ್ಲ. ಹೇಗೆ ನಿರಾಕರಿಸ್ತಾರೆ?" ಎಂದು ಅಕ್ಕ ಕೇಳಿದಳು.

"ಬಾಯಿ ಮುಚ್ಕೋತಾರೆ," ಎಂದರು ಮೇಟ್ರನ್. "ಈ ವಯಸ್ಸಲ್ಲಿ ಅದೂ ಒಂದು ಹಟ."

ಸಹಿ ಹಾಕದೆ ಬಂದು ಅಕ್ಕ ತಮ್ಮನಿಗೆ ಫೋನು ಮಾಡಿದಳು. ತಮ್ಮ ಲಿಫ್ಟ್ ರಿಪೇರಿಯವನು. ಆರೈಕೆ ಕೇಂದ್ರವನ್ನು ಹುಡುಕಿದವನೂ ಅವನೇ, ಅದಕ್ಕೇ ಅದರ ಬಗ್ಗೆ ಒಂದು ಮಾತು ಬಂದರೂ ಅವನಿಗೆ ಚುರ್ರೆನ್ನುತ್ತಿತ್ತು. ಅವರು ದಿನಾ ಇದೇ ಕೆಲಸ ಮಾಡುವವರು, ನೀನು ಹೋಗಿ ಅವರಿಗೆ ಪಾಠ ಹೇಳುವುದು ಲಿಫ್ಟಿನೊಳಗೆ ನಿಂತವರು ನನಗೆ ಬಟನ್ ಒತ್ತಲು ಕಲಿಸಿದ ಹಾಗೆ ಎಂದ.

"ಲಿಫ್ಟು ನಡುವೆ ನಿಂತಾಗ ಒಳಗಿರೋರು ಬೆಲ್ ಒತ್ತುತ್ತಾರಲ್ಲ," ಎಂದಳು ಅಕ್ಕ, "ಅದನ್ನ ಕೇಳಿಸ್ಕೋತೀಯೋ, ಇಲ್ಲ ಹಟ ಅಂತ ಬರ್ಕೋತೀಯೋ?"

ತಮ್ಮ, ಇನ್ನೊಂದು ಕರೆ ಬರ್ತಿದೆ ಎಂದು ಇಟ್ಟುಬಿಟ್ಟ.

ಮಂಗಳವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಅಕ್ಕ ಹಳೆ ಪರದೆಗಳ ಗಂಟೊಂದನ್ನು ಕಂಕುಳಲ್ಲಿ ಇರಿಸಿಕೊಂಡು ಕೇಂದ್ರದ ಹಿಂಬಾಗಿಲಿನಿಂದ, ಬಟ್ಟೆ ಒಗೆಯುವ ಕೋಣೆಯ ಮೂಲಕ ಒಳಗೆ ಹೋದಳು. ಬಟ್ಟೆಯ ಗಂಟು ಹೊತ್ತವರನ್ನು ಅಲ್ಲಿ ಯಾರೂ ತಡೆಯುತ್ತಿರಲಿಲ್ಲ. ಅಮ್ಮನ ಕೋಣೆಯಲ್ಲಿ ಎರಡು ಮಂಚ. ಕಿಟಕಿ ಪಕ್ಕದ್ದು ಇನ್ನೊಬ್ಬ ಅಜ್ಜಿಯದು; ಅವಳು ಹಗಲೆಲ್ಲ ಮಲಗಿರುತ್ತಿದ್ದಳು. ಆಯಾ ತಟ್ಟೆಗಳ ಗಾಡಿ ತಳ್ಳಿಕೊಂಡು ಬಂದಳು. ಅಕ್ಕನನ್ನು ನೋಡಿ ಹುಬ್ಬೇರಿಸಿದಳೇ ಹೊರತು ಹೋಗೆನ್ನಲಿಲ್ಲ.

ಮೊದಲ ಚಮಚಕ್ಕೆ ಅಮ್ಮ ಬಾಯಿ ತೆರೆದಳು. ಆಸೆಯಿಂದಲೇ ತೆರೆದಳು. ಮೆದ್ದ ಕೂಡಲೇ ಮುಖ ಕಿವುಚಿಕೊಂಡಿತು, ತುತ್ತು ನಾಲಿಗೆಯ ಮೇಲೆ ಕುಳಿತು ಹೊರಗೆ ಬಂತು. ಎರಡನೇ ಚಮಚಕ್ಕೆ ತುಟಿ ಬಿಗಿದಳು. ಆಯಾ ಮೂರು ಎಣಿಸುವಷ್ಟು ಹೊತ್ತು ಕಾದು, ತಟ್ಟೆ ಮುಚ್ಚಿ, ಪೆನ್ನು ತೆಗೆದಳು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಲ್ಲ.

ಅಕ್ಕ ಜಗಳಕ್ಕೇ ಸಿದ್ಧಳಾಗಿ ಬಂದಿದ್ದಳು. ಆದರೆ ಆಯಾ ತಾನೇ ಶುರುಮಾಡಿದಳು.

"ನೀವು ಬಯ್ಯೋ ಮೊದ್ಲು ನಾನೇ ಹೇಳ್ತೀನಿ. ಹದಿನೆಂಟು ಬಾಯಿ, ಎರಡು ಕೈ, ಅರ್ಧ ಗಂಟೆ. ಪುಸ್ತಕದಲ್ಲಿ ಇರೋದು ಎರಡೇ: ಊಟ ಮಾಡಿದ್ರು, ನಿರಾಕರಿಸಿದ್ರು. ಆಯಾಗೆ ಹೊತ್ತು ಸಾಲ್ಲಿಲ್ಲ ಅಂತ ಬರೆಯೋಕೆ ಕಾಲಂ ಇಲ್ಲ."

ಹೇಳಿ ಮುಂದಿನ ಕೋಣೆಗೆ ಗಾಡಿ ತಳ್ಳಿದಳು.

ಅಕ್ಕ ಅಮ್ಮನ ಬಾಯಿಗೆ ಬೆರಳು ಹಾಕಿ ಹಲ್ಲುಸೆಟ್ಟನ್ನು ಮೆಲ್ಲಗೆ ಬಿಡಿಸಿದಳು. ಮೇಲಿನ ವಸಡಿನ ಎಡಗಡೆ ಬೆರಳುಗುರಿನಷ್ಟು ಹುಣ್ಣು, ಹಸಿಯಾಗಿ ಕೆಂಪಗಿತ್ತು. ಸೆಟ್ಟನ್ನು ತೊಳೆದು ಬೆಳಕಿಗೆ ಹಿಡಿದಳು. ಮುಂದಿನ ಹಲ್ಲುಗಳ ಅಂಚು ಸಪಾಟಾಗಿ, ಹೊಸದರಂತೆ ಇತ್ತು.

ಅಮ್ಮ ಅರವತ್ತರಲ್ಲಿ ಹಲ್ಲು ಕಟ್ಟಿಸಿಕೊಂಡವಳು. ಕಟ್ಟಿಸಿದ ಮೇಲೂ ದಾರವನ್ನು ಕತ್ತರಿಯಿಂದ ಕತ್ತರಿಸಿದ್ದೇ ಇಲ್ಲ. ಕತ್ತರಿ ಹುಡುಕುವಷ್ಟರಲ್ಲಿ ಹಲ್ಲು ಕೆಲಸ ಮುಗಿಸಿರುತ್ತಿತ್ತು. ದಂತವೈದ್ಯರು ಬೈದರೆ, ಈಗ ನೋವೇ ಇಲ್ಲವಲ್ಲ ಡಾಕ್ಟ್ರೇ, ಎಷ್ಟು ಬೇಕಾದರೂ ಕಚ್ಚಬಹುದು ಎಂದಿದ್ದಳು. ನಾಲ್ಕೈದು ವರ್ಷದಲ್ಲಿ ಮೇಲಿನ ಮುಂದಿನ ಹಲ್ಲಿನ ಅಂಚಿನಲ್ಲಿ ದಾರ ಕೂರುವಷ್ಟು ಸಣ್ಣ ಕಚ್ಚು ಬಿದ್ದಿತ್ತು. ಅಕ್ಕನ ಸ್ವಂತ ಹಲ್ಲಿನಲ್ಲೂ ಅಂಥದೊಂದಿದೆ. ಕೈಯಲ್ಲಿದ್ದ ಸೆಟ್ಟಿನಲ್ಲಿ ಅದಿರಲಿಲ್ಲ.

ಮೇಟ್ರನ್ ಬಳಿ ಹೋಗಿ ಅಕ್ಕ ಅದನ್ನು ಮೇಜಿನ ಮೇಲಿಟ್ಟಳು. ಇದು ನಮ್ಮಮ್ಮನದಲ್ಲ ಎಂದಳು. ಹಲ್ಲುಸೆಟ್ಟೆಲ್ಲ ನೋಡಲು ಒಂದೇ ತರ ಇರುತ್ತವೆ ಎಂದರು ಮೇಟ್ರನ್. ವಿಚಾರಿಸಿದಾಗ ಬಯಲಾದದ್ದಿಷ್ಟು: ಒಬ್ಬೊಬ್ಬರಿಗೂ ಹೆಸರು ಅಂಟಿಸಿದ ಡಬ್ಬಿ ಇರಬೇಕು, ಡಬ್ಬಿಗಳು ಇವೆ, ಹೆಸರುಗಳು ತೊಳೆದು ಹೋಗಿವೆ, ಸಂಜೆಯ ಪಾಳಿಯವರು ಬೇಗ ಆಗಲಿ ಎಂದು ಹನ್ನೊಂದು ಜನರ ಹಲ್ಲನ್ನೂ ಒಂದೇ ಟಬ್ಬಿಗೆ ಹಾಕಿ ತೊಳೆಯುತ್ತಾರೆ. ಮೇಟ್ರನ್ ದೂರಿನ ನಮೂನೆ ಕೊಟ್ಟರು. ಹದಿನಾಲ್ಕು ಕೆಲಸದ ದಿನಗಳಲ್ಲಿ ಉತ್ತರ ಬರುತ್ತದಂತೆ. ಶುಕ್ರವಾರಕ್ಕೆ ಉಳಿದದ್ದು ಮೂರು ದಿನ.

ಉಳಿದ ಹತ್ತು ಜನರ ಹಲ್ಲು ನೋಡಬಹುದೇ ಎಂದು ಅಕ್ಕ ಕೇಳಿದಳು.

"ಬೇರೆಯವರ ಬಾಯಿ ತೆರೆಸಿ ನೋಡೋ ಅಧಿಕಾರ ನಿಮಗಿಲ್ಲ," ಎಂದರು ಮೇಟ್ರನ್. "ಅವರಿಗೂ ಒಂದು ಮರ್ಯಾದೆ ಇರುತ್ತೆ."

"ತೆರೆಸೋದು ಬೇಡ ಬಿಡಿ. ನಗಿಸ್ತೀನಿ."

ಬುಧವಾರ ಸಂಜೆ ಭೇಟಿಯ ಹೊತ್ತಿನಲ್ಲಿ ಅಕ್ಕ ಕೋಣೆಯಿಂದ ಕೋಣೆಗೆ ಹೋದಳು. ಅಂಗಡಿಯಲ್ಲಿ ನಡೆದ ಎಲ್ಲ ತಮಾಷೆಯನ್ನೂ ಹೇಳಿದಳು. ಮದುವೆಯ ಬೆಳಿಗ್ಗೆ ಕೋಟಿನೊಳಗೆ ಹೋಗದ ವರನ ಕಥೆ, ಒಂದೇ ಪ್ಯಾಂಟನ್ನು ಇಬ್ಬರ ಅಳತೆಗೆ ಹೊಲಿದುಕೊಡಿ ಎಂದ ಅಣ್ಣತಮ್ಮಂದಿರ ಕಥೆ. ತೊಂದರೆಯೆಂದರೆ, ಅಲ್ಲಿ ಇದ್ದವರಿಗೆ ನಗು ಸುಲಭಕ್ಕೆ ಬರುತ್ತಿರಲಿಲ್ಲ. ಒಬ್ಬಾಕೆ ಅಳಲು ಶುರುಮಾಡಿದಳು. ಮುದುಕರೊಬ್ಬರು ಪೂರ್ತಿ ಕೇಳಿ, ಆ ಕೋಟು ಕೊನೆಗೆ ಯಾರಿಗಾಯಿತು ಎಂದು ಗಂಭೀರವಾಗಿ ವಿಚಾರಿಸಿದರು. ಐದು ಜನರ ಹಲ್ಲು ನೋಡುವಷ್ಟರಲ್ಲಿ ಐದು ಗಂಟೆಯಾಗಿ ಹೊರಗೆ ಕಳುಹಿಸಿದರು.

ಗುರುವಾರ ಒಂಬತ್ತನೇ ಕೋಣೆಯಲ್ಲಿ ಕಥೆ ಹೇಳುವ ಅಗತ್ಯವೇ ಬೀಳಲಿಲ್ಲ. ಅಲ್ಲಿದ್ದವರು ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಎಲ್ಲರೂ ಹೆಡ್ ಮೇಡಂ ಎನ್ನುತ್ತಿದ್ದರು. ಬನ್ನಿ ಎಂದು ಅವರು ಬಾಯಿ ತೆರೆದದ್ದೇ ಹಲ್ಲುಗಳು ಟಪಟಪ ಎಂದವು.

"ಒಂದು ತಿಂಗಳಾಯ್ತಮ್ಮಾ," ಎಂದರು ಹೆಡ್ ಮೇಡಂ. "ಈ ಹಲ್ಲು ನನ್ನ ಮಾತು ಕೇಳ್ತಿಲ್ಲ, ಇದು ನನ್ನದಲ್ಲ ಅಂತ ಎಲ್ಲರಿಗೂ ಹೇಳಿದೆ. ವಯಸ್ಸಾಯ್ತು ಮೇಡಂ, ಹಾಗೇ ಅನ್ಸುತ್ತೆ ಅಂದ್ರು. ನಲವತ್ತು ವರ್ಷ ಮಕ್ಕಳ ಸುಳ್ಳು ಕೇಳಿದೋಳು ನಾನು. ಇಷ್ಟು ಸೋಮಾರಿ ಸುಳ್ಳನ್ನ ಯಾವ ಮಗೂನೂ ಹೇಳಿರಲಿಲ್ಲ."

ಅವರು ಸೆಟ್ಟನ್ನು ತೆಗೆದು ಕರವಸ್ತ್ರದ ಮೇಲಿಟ್ಟರು. ಅಕ್ಕ ಉಗುರಿನ ತುದಿಯಿಂದ ಅಂಚನ್ನು ಸವರಿದಳು. ಉಗುರು ಕಚ್ಚಿನಲ್ಲಿ ಕೂತಿತು. ಅಕ್ಕ ತಂದ ಸೆಟ್ಟು ಹೆಡ್ ಮೇಡಂ ಬಾಯಿಗೆ ಸದ್ದಿಲ್ಲದೆ ಸೇರಿತು.

ಇಷ್ಟಕ್ಕೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. ಹುಣ್ಣು ಮಾಯಲು ದಿನ ಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಬರೀ ಹಾಲು, ಚಹಾದಲ್ಲಿ ಕಳೆದ ಐದು ವಾರದಲ್ಲಿ ಅಮ್ಮನ ಮುಖವೇ ಇಳಿದುಹೋಗಿ, ಸ್ವಂತ ಹಲ್ಲು ಕೂಡ ಬಾಯಲ್ಲಿ ಸಡಿಲವಾಗಿ ಆಡುತ್ತಿತ್ತು. ಗೌನಾದರೆ ಪಕ್ಕ ಹಿಡಿದು ಕೊಡಬಹುದು. ಅಕ್ಕ ಹಲ್ಲನ್ನು ಹಿಡಿದುಕೊಂಡು, ಮಾಡಲು ಏನೂ ತೋಚದೆ, ಆ ದಿನ ಮೊದಲ ಸಲ ಅತ್ತಳು. ಹೂಂ ಎಂದಳು ಅಮ್ಮ.

ಶುಕ್ರವಾರ ಬೆಳಿಗ್ಗೆ ತಮ್ಮನೂ ಬಂದ. ಕರೆದದ್ದಕ್ಕೆ ಬಂದನೋ, ಸಹಿ ಹಾಕಿಸಲು ಬಂದನೋ ಅಕ್ಕ ಕೇಳಲಿಲ್ಲ. ಡಾಕ್ಟರಿಗೆ ಇಡೀ ಮಹಡಿಗೆ ಇದ್ದದ್ದು ಒಂದು ಗಂಟೆ. ಅವರು ಪುಸ್ತಕದ ಪುಟ ತಿರುವಿ, ಇಷ್ಟು ದಿನ ತಿಂದಿಲ್ಲ ಎಂದರೆ ನಳಿಗೆ ಹಾಕುವುದೇ ಸರಿ, ತೂಕ ಇನ್ನೂ ಇಳಿದಿಲ್ಲ, ಅದೊಂದು ಪುಣ್ಯ ಎಂದರು.

ತೂಕ ನೋಡಿಬಿಡಿ ಎಂದಳು ಅಕ್ಕ.

ಕುರ್ಚಿಯಂತಿರುವ ತೂಕದ ಯಂತ್ರ ಉಗ್ರಾಣದಲ್ಲಿ ಮುರಿದ ಊರುಗೋಲುಗಳ ಕೆಳಗಿತ್ತು. ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ, ಒಳಗೆ ಹಸಿರು ಹುಡಿ ಕಟ್ಟಿತ್ತು. ತಮ್ಮ ಅದನ್ನು ಕೆರೆದು, ತನ್ನ ಟಾರ್ಚಿನ ಬ್ಯಾಟರಿ ಹಾಕಿದ. ಅಮ್ಮನನ್ನು ಎತ್ತಿ ಕೂರಿಸುವಾಗ ಅವನ ಮುಖ ಒಂದು ತರವಾಯಿತು. ಎತ್ತಿದ ಕೈಗೆ ಅಂಕಿ ಮೊದಲೇ ಗೊತ್ತಾಗಿತ್ತು. ಯಂತ್ರ ನಲವತ್ತೂವರೆ ತೋರಿಸಿತು.

ಯಂತ್ರ ಹಳೆಯದು, ನಂಬುವ ಹಾಗಿಲ್ಲ ಎಂದರು ಮೇಟ್ರನ್. ತಮ್ಮ ಕೆಳಗೆ ಹೋಗಿ, ಲಿಫ್ಟು ಪರೀಕ್ಷಿಸಲು ಗಾಡಿಯಲ್ಲಿಟ್ಟುಕೊಂಡಿದ್ದ ಇಪ್ಪತ್ತು ಕಿಲೋದ ಕಬ್ಬಿಣದ ತುಂಡನ್ನು ಹೊತ್ತು ತಂದು ಕುರ್ಚಿಯ ಮೇಲಿಟ್ಟ. ಇಪ್ಪತ್ತು ಎಂದು ಬಂತು.

ಡಾಕ್ಟರು ಕನ್ನಡಕ ತೆಗೆದು, ಹಾಗಾದರೆ ಈ ನಲವತ್ತೆಂಟು ಎಲ್ಲಿಂದ ಬಂತು ಎಂದರು. ಹಿಂದಿನ ವಾರದ್ದನ್ನು ನೋಡಿ ಬರೆದಿರಬೇಕು ಎಂದರು ಮೇಟ್ರನ್, ಅದನ್ನು ಬೇರೆ ಯಾರೋ ಬರೆದಿದ್ದಾರೇನೋ ಎಂಬಂತೆ. ಆಮೇಲೆ ಅಕ್ಕ ಹುಣ್ಣು ತೋರಿಸಿದಳು, ಹಲ್ಲಿನ ಕಥೆ ಹೇಳಿದಳು. ಡಾಕ್ಟರು ಪೂರ್ತಿ ಕೇಳಿಸಿಕೊಂಡದ್ದು ನಿಜ. ಹುಣ್ಣಿಗೆ ಮುಲಾಮು ಬರೆದರು. ನಳಿಗೆಯನ್ನು ಹತ್ತು ದಿನ ಮುಂದಕ್ಕೆ ಹಾಕಿದರು. ಮೆತ್ತಗಿನ ಊಟ, ದಿನಕ್ಕೆ ಮೂರು ಹೊತ್ತು, ಪ್ರತಿ ಹೊತ್ತಿಗೂ ಯಾರಾದರೂ ಪಕ್ಕದಲ್ಲಿ ಕೂತು ನಿಧಾನವಾಗಿ ತಿನ್ನಿಸಬೇಕು. ತೂಕ ಇನ್ನೂ ಇಳಿದರೆ ನಳಿಗೆಯೇ ಗತಿ ಎಂದರು.

ಮೇಟ್ರನ್ ಆಯಾಳನ್ನು ನೋಡಿದರು. ಆಯಾ ಚಾವಣಿ ನೋಡಿದಳು. ತಮ್ಮ ತನ್ನ ಬೂಟು ನೋಡಿಕೊಂಡ. ಯಾರಾದರೂ ಎಂಬ ಮಾತು ಕೋಣೆಯಲ್ಲಿ ಒಂದು ಸುತ್ತು ಹಾಕಿ ಅಕ್ಕನ ಎದುರು ಬಂದು ನಿಂತಿತು.

ಹೊರಡುವ ಮುಂಚೆ ಅಕ್ಕ ಮೇಜಿನ ಬಳಿ ನಿಂತು, ಮೂವತ್ತೆಂಟು ದಿನದ ಆ ಸಾಲುಗಳನ್ನು ಹೊಡೆದುಹಾಕಿ ಎಂದು ಕೇಳಿದಳು.

"ಅದು ದಾಖಲೆ," ಎಂದರು ಮೇಟ್ರನ್. "ಒಂದು ಸಲ ಬರೆದದ್ದನ್ನ ತಿದ್ದೋ ಹಾಗಿಲ್ಲ."

"ನೋಡದೇನೇ ಬರೆಯೋ ಹಾಗೆ ಮಾತ್ರ ಇದೆ."

ಮೇಟ್ರನ್ ಪುಸ್ತಕ ಮುಚ್ಚಿದರು.

ಶನಿವಾರದಿಂದ ಅಂಗಡಿ ಹನ್ನೆರಡಕ್ಕೆ ಮುಚ್ಚಿ ಎರಡಕ್ಕೆ ತೆರೆದು, ರಾತ್ರಿಯ ಊಟಕ್ಕೆಂದು ಐದೂವರೆಗೆ ಮತ್ತೆ ಮುಚ್ಚತೊಡಗಿತು. ಬೆಳಗಿನ ಹೊತ್ತನ್ನು ತಮ್ಮ ಒಪ್ಪಿಕೊಂಡ, ಮೂರು ದಿನಕ್ಕೊಮ್ಮೆ ತಪ್ಪಿಸಿದ. ಐದನೇ ದಿನ ಮಧ್ಯಾಹ್ನ ಅಮ್ಮ ಹನ್ನೊಂದು ಚಮಚ ತಿಂದಳು. ಹನ್ನೊಂದಕ್ಕೆ ನಲವತ್ತು ನಿಮಿಷ ಹಿಡಿಯಿತು. ಹನ್ನೆರಡನೆಯದು ಇನ್ನೂ ಬಾಯಲ್ಲಿರುವಾಗ ಆಯಾ ತಟ್ಟೆಗಳನ್ನು ತೆಗೆದುಕೊಂಡು ಹೋಗಲು ಬಂದಳು. ಕಿಟಕಿ ಪಕ್ಕದ ಮಂಚದ ಅಜ್ಜಿ ಎಂದಿನಂತೆ ಮಲಗಿದ್ದಳು. ಅವಳ ತಟ್ಟೆಯ ಮುಚ್ಚಳ ತೆಗೆದೇ ಇರಲಿಲ್ಲ. ಆಯಾ ಅದನ್ನು ಹಾಗೆಯೇ ಎತ್ತಿ ಗಾಡಿಗೆ ಹಾಕಿ, ಪೆನ್ನಿನ ಕ್ಯಾಪು ತೆಗೆದಳು.

ಅಕ್ಕ ಗಡಿಯಾರ ನೋಡಿದಳು. ಒಂದೂ ಇಪ್ಪತ್ತು. ಎರಡಕ್ಕೆ ಒಬ್ಬ ಗಿರಾಕಿ ಕೋಟಿಗಾಗಿ ಬರುವವನಿದ್ದ. ತೋಳು ಇನ್ನೂ ಬಿಚ್ಚಿದ ಹಾಗೇ ಇತ್ತು. ಆಯಾ ಮೇಲೆ ಸಿಟ್ಟು ಬಂತು, ಮೇಟ್ರನ್ ಮೇಲೆ ಬಂತು, ಈ ಅಜ್ಜಿಯನ್ನು ಇಲ್ಲಿಟ್ಟು ಮುಖ ತೋರಿಸದವರ ಮೇಲೆ ಬಂತು. ಕೊನೆಗೆ ತನ್ನ ಬಾಯಿಯ ಮೇಲೇ ಬಂತು, ಏಕೆಂದರೆ ಅದು ಆಗಲೇ ಮಾತಾಡಿಯಾಗಿತ್ತು.

"ಆ ತಟ್ಟೆ ಅಲ್ಲೇ ಇಡಮ್ಮಾ. ಬರೀಬೇಡ. ಇವರದಾದ ಮೇಲೆ ನೋಡ್ತೀನಿ."

ಆಯಾ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಪೆನ್ನು ಇನ್ನೂ ಕೈಯಲ್ಲೇ ಇತ್ತು.

"ಇಟ್ಟೆ," ಎಂದಳು. "ನಾಳೆ?"

ಅಕ್ಕ ಹದಿಮೂರನೇ ಚಮಚ ತುಂಬಿ ಹಿಡಿದಳು. ಅಮ್ಮ ಬಾಯಲ್ಲಿದ್ದ ತುತ್ತನ್ನು ಇನ್ನೂ ನುಂಗಿರಲಿಲ್ಲ.