ವೇದಿಕೆಯ ಅಂಚು

ಕಳೆದ ವಾರ ಕಚೇರಿಗೆ ಒಂದು ಮಾದರಿ ಪೆಟ್ಟಿಗೆ ಬಂತು. ಸದ್ದು ಹೀರಲೆಂದು ಸಭಾಂಗಣದ ಗೋಡೆಗೆ ಹಚ್ಚುವ ದಪ್ಪ ಫೆಲ್ಟ್ ಬಟ್ಟೆಯ ತುಣುಕುಗಳು. ಮುಚ್ಚಳ ತೆಗೆದೊಡನೆ ಅಂಟಿನ ವಾಸನೆ ಮೂಗಿಗೆ ಅಡರಿತು. ಬಣ್ಣ ನೀವೇ ಆರಿಸಿ ಎಂದು ಜೊತೆಗಿದ್ದವರಿಗೆ ಹೇಳಿ ಹೊರಗೆ ಬಂದು ನಿಂತೆ. ಬಾಯಾರು ನೆನಪಾಗಿದ್ದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಬಾಯಾರು ಎನ್ನುತ್ತಾರೆ. ಇವರು ನನಗೆ ಕಲಿಸಿದವರಲ್ಲ. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಿಂದ ನಿವೃತ್ತರಾಗಿದ್ದರು. ತಮ್ಮ ಚರ್ಚಿನ ಗಾಯನ ಮಂಡಳಿಯನ್ನೂ ಕ್ರಿಸ್‌ಮಸ್ ನಾಟಕವನ್ನೂ ಹತ್ತಾರು ವರ್ಷ ನಡೆಸಿಕೊಂಡು ಬಂದವರು. ನಾನು ಕಾಣುವ ಹೊತ್ತಿಗೆ ಅವರ ಎರಡೂ ಕಣ್ಣು ಹೋಗಿದ್ದವು. ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತಿತ್ತು.

ಆ ಚರ್ಚಿಗೆ ಬರುವ ಜನ ಹೆಚ್ಚಾಗಿ ಹಳೆಯ ಕಲ್ಲಿನ ಕಟ್ಟಡ ಸಾಲದಾಗಿತ್ತು. ರಾಯಾಪುರದ ಹತ್ತಿರ ಜಾಗ ಕೊಂಡಿದ್ದರು. ಸಾವಿರ ಜನ ಕೂರುವ ಸಭಾಂಗಣದ ನಕ್ಷೆಯ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ದೊಡ್ಡ ಕೆಲಸ ಅದೇ ಮೊದಲು. ನಮ್ಮದು ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಮನೆ, ನಾನು ಚರ್ಚಿನೊಳಗೆ ಹೆಜ್ಜೆ ಇಟ್ಟವನೇ ಅಲ್ಲ. ಒಳಗೆ ದನಿ ಹೇಗೆ ನಡೆಯುತ್ತದೆಂದು ತಿಳಿಯಲು ಹಳೆಯ ಚರ್ಚಿಗೆ ಹೋದೆ. ಬಾಯಾರು ಬೆಂಚುಗಳ ನಡುವೆ ಚಿಟಿಕೆ ಹೊಡೆಯುತ್ತ ಸರಸರ ನಡೆದು ಬಂದು, ವೇದಿಕೆಯ ಮೆಟ್ಟಿಲಿಗೆ ಒಂದು ಗೇಣು ಉಳಿದಾಗ ನಿಂತರು.

"ಹ್ಯಾಂಗ ಗೊತ್ತಾತ್ರಿ?" ಎಂದು ಕೇಳಿದೆ.

"ಗೋಡಿ ಹೇಳ್ತದ್ರಿ. ಚಿಟಿಕಿ ಸಪ್ಪಳ ಒಂದೊಂದು ಕಡೆ ಒಂದೊಂದು ನಮೂನಿ ತಿರುಗಿ ಬರ್ತದ. ಇಲ್ಲಿ ನನಗ ಕೋಲು ಬೇಕಿಲ್ಲ."

ಆ ಕೆಲಸದ ಕಷ್ಟವೆಲ್ಲ ಇದ್ದದ್ದೂ ಆ ತಿರುಗಿ ಬರುವ ಸದ್ದಿನಲ್ಲೇ. ಹಾಡಿಗೆ ಅದು ಸ್ವಲ್ಪ ಹೊತ್ತು ಗೋಡೆಗಳ ನಡುವೆ ಉಳಿಯಬೇಕು. ಪಾದ್ರಿಯ ಪ್ರಸಂಗಕ್ಕೆ, ನಾಟಕಕ್ಕೆ ಉಳಿಯಬಾರದು, ಉಳಿದರೆ ಮಾತಿನ ಮೇಲೆ ಮಾತು ಬಿದ್ದು ಏನೂ ತಿಳಿಯುವುದಿಲ್ಲ. ಕಟ್ಟಡ ಸಮಿತಿಯ ಅಧ್ಯಕ್ಷರು ಸಿಮೆಂಟು ವ್ಯಾಪಾರಿ, ನೇರ ಮಾತಿನ ಮನುಷ್ಯ. "ಕಡೀ ಸಾಲಿನ ಮುದುಕಿಗೂ ಒಂದೊಂದು ಅಕ್ಷರ ಕೇಳಬೇಕ್ರಿ, ಅಷ್ಟ ಮಾಡಿ ಕೊಡ್ರಿ" ಎಂದರು. ನಾನು ಮೂರು ಗೋಡೆಗೆ ಫೆಲ್ಟು ಹಚ್ಚಿಸಿದೆ, ನೆಲಕ್ಕೆ ಜಮಖಾನೆ ಹಾಸಿಸಿದೆ. ಹಾಡನ್ನು ಮೈಕು ನೋಡಿಕೊಳ್ಳುತ್ತದೆ ಎಂದುಕೊಂಡೆ. ವೇದಿಕೆಯ ಮುಂದೆ ವಾದ್ಯದವರು ಕೂರಲು ಆಳುದ್ದದ ತಗ್ಗು ಮಾಡಿ, ಬೇಡವಾದಾಗ ಮುಚ್ಚಲು ಹಲಗೆ ಕೊಟ್ಟೆ.

ಫೆಲ್ಟು ಹಚ್ಚಿ ಮುಗಿದ ದಿನ ಬಾಯಾರನ್ನು ಕರೆದುಕೊಂಡು ಬಂದರು. ವೇದಿಕೆಯ ನಡುವೆ ನಿಂತು ಚಿಟಿಕೆ ಹೊಡೆದರು. ಇನ್ನೊಮ್ಮೆ ಹೊಡೆದರು. ಸಪ್ಪಳ ತಿರುಗಿ ಬರಲಿಲ್ಲ.

"ಇಲ್ಲಿ ನನಗ ಏನೂ ಕಾಣವಲ್ತು" ಎಂದರು.

ನಾನು ನಕ್ಕೆ. ನನ್ನ ಲೆಕ್ಕ ಸರಿ ಬಂದಿತ್ತಲ್ಲ, ಆ ಖುಷಿ. ಅವರು ನಗಲಿಲ್ಲ. ಪಾದದಿಂದ ನೆಲ ಸವರುತ್ತ, "ಅಂಚಿಗೆ ಒಂದು ಕಟ್ಟಿಗಿ ಪಟ್ಟಿ ಹಚ್ಚಸ್ರಿ. ಕಾಲಿಗೆ ತಿಳಿದ್ರ ಸಾಕು, ಉಳದದ್ದು ನಾ ನೋಡ್ಕೋತೇನಿ" ಎಂದರು. ಆಗಲಿ ಎಂದು ಅವರ ಮುಂದೆಯೇ ಬರೆದುಕೊಂಡೆ.

ಪಟ್ಟಿ ಹಚ್ಚಲಿಲ್ಲ. ಒಂದು ತುಂಡು ಇಟ್ಟು ಮುಂದಿನ ಸಾಲಿನಿಂದ ನೋಡಿದರೆ ಕಪ್ಪು ನೆಲದ ಮೇಲೆ ಗೆರೆ ಎದ್ದು ಕಾಣುತ್ತಿತ್ತು, ನನ್ನ ಕಣ್ಣಿಗೆ ಅದು ಚೆನ್ನಾಗಿ ಕಾಣಲಿಲ್ಲ. ಬೇರೆ ಯಾರೂ ಬೇಡ ಎಂದಿರಲಿಲ್ಲ. ಬಾಯಾರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಕ್ರಿಸ್‌ಮಸ್‌ಗೆ ಎರಡು ವಾರ ಇದ್ದಾಗ ಮೊದಲ ತಾಲೀಮು, ಮಧ್ಯಾಹ್ನ. ವಾದ್ಯಗಳನ್ನು ಇಳಿಸಲು ಬೆಳಿಗ್ಗೆಯೇ ಹಲಗೆ ತೆಗೆದಿದ್ದರು. ಎಲ್ಲರಿಗೂ ಎಚ್ಚರಿಕೆ ಹೇಳಿಯಾಗಿತ್ತು, ಆಗ ಬಾಯಾರು ಇನ್ನೂ ಬಂದಿರಲಿಲ್ಲ. ನಾನು ಕಡೆಯ ಸಾಲಿನಲ್ಲಿ ಸದ್ದು ಅಳೆಯುವ ಯಂತ್ರ ಹಿಡಿದು ಕೂತಿದ್ದೆ. ಮಂಡಳಿಯವರು ಹಾಡತೊಡಗಿದರು. ಬಾಯಾರು ಅವರ ಕಡೆ ಮುಖ ಮಾಡಿ ತಾಳ ಹಾಕುತ್ತಿದ್ದರು. ದನಿಗಳು ಒಂದಕ್ಕೊಂದು ಬೆರೆಯುತ್ತಿಲ್ಲ ಅನ್ನಿಸಿತೋ ಏನೋ, ದೂರದಿಂದ ಕೇಳಲು ಒಂದು ಹೆಜ್ಜೆ ಹಿಂದೆ ಸರಿದರು. ಇನ್ನೊಂದು ಹೆಜ್ಜೆ... ನಾನು ಯಂತ್ರದ ಅಂಕಿ ನೋಡುತ್ತಿದ್ದೆ. ಬಿದ್ದ ಸದ್ದು ನನ್ನವರೆಗೆ ಬರಲಿಲ್ಲ. ಹಾಡು ನಡುವೆ ನಿಂತದ್ದು ಗೊತ್ತಾಗಿ ತಲೆ ಎತ್ತಿದಾಗ ವೇದಿಕೆಯ ಮೇಲೆ ಅವರು ಇರಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಆಯಿತು. ಅದೇ ವಾರ ಸಮಿತಿ ಸೇರಿತು.

"ನಕ್ಷಿದಾಗ ಏನರ ತಪ್ಪೈತೇನ್ರಿ?" ಅಧ್ಯಕ್ಷರು ಕೇಳಿದರು.

"ಇಲ್ರಿ. ಅವರಿಗೆ ಕಣ್ಣ ಕಾಣಂಗಿಲ್ಲಲ್ರಿ" ಎಂದೆ.

ಎಲ್ಲರೂ ತಲೆ ಆಡಿಸಿದರು. ಹಾಗೆಯೇ ಬರೆದುಕೊಂಡರು.

ಜನವರಿಯಲ್ಲಿ ಧಾರವಾಡಕ್ಕೆ ಹೋದೆ. ಬಾಯಾರು ತಂಗಿಯ ಮಗಳ ಮನೆಯಲ್ಲಿದ್ದರು. ನಿಜ ಹೇಳಿಬಿಡಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನನ್ನ ದನಿ ಕೇಳಿದ ಕೂಡಲೇ ಮಂಚದ ಮೇಲಿಂದ ಕೈ ಚಾಚಿದರು.

"ಬರ್ರಿ. ನಿಮ್ಮನ್ನ ಒಂದು ಮಾತು ಕೇಳೂದಿತ್ತು. ಪಟ್ಟಿ ಹಚ್ಚಿದ್ರಿ ಅಲ್ಲ?"

ತಂಗಿಯ ಮಗಳು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹಚ್ಚೇವ್ರಿ" ಎಂದೆ.

"ಹೌದಲ್ಲ... ನನ್ನ ಕಾಲಿಗೆ ಹ್ಯಾಂಗ ತಿಳೀಲಿಲ್ಲ ಅಂತ ಮಲಕೊಂಡಲ್ಲೇ ವಿಚಾರ ಮಾಡಾಕತ್ತೇನಿ. ಕಣ್ಣ ಹ್ವಾದಾಗ ಹೆದರಿದ್ದಿಲ್ರಿ. ಕಾಲು ಇನ್ನೂ ನನ್ನೂವು ಅಂತಿದ್ದೆ."

ಚಹಾ ಕುಡಿದೆ. ಏನೇನೋ ಮಾತಾಡಿ ಎದ್ದು ಬಂದೆ.

ಈಸ್ಟರ್‌ಗಿಂತ ಮೊದಲೇ ಅವರು ತೀರಿಕೊಂಡರು. ಮಲಗಿದ್ದಲ್ಲೇ ಎದೆಯಲ್ಲಿ ಕಫ ಕಟ್ಟಿತ್ತಂತೆ. ಮಣ್ಣು ಮಾಡಿ ಹೊರಬರುವಾಗ ತಂಗಿಯ ಮಗಳು ನನ್ನ ಜೊತೆ ಗೇಟಿನವರೆಗೆ ನಡೆದಳು.

"ಡಾಕ್ಟರು ದಿನಾ ನಿಲ್ಲಸ್ರಿ, ಆಧಾರ ಹಿಡದು ನಡೀತಾರ ಅಂದಿದ್ರು. ಮೊದಲ ನಿಲ್ತಿದ್ರು. ನೀವು ಬಂದು ಹ್ವಾದ ಮ್ಯಾಲೆ ಒಲ್ಲೆ ಅಂದ್ಬಿಟ್ರು. 'ಈ ಕಾಲು ನಂಬೂ ಹಾಂಗಿಲ್ಲವಾ' ಅಂತಿದ್ರು. ಮೌಶಿಗೆ ಅಂಜಿಕಿ ಅಂದ್ರ ಏನಂತ ಗೊತ್ತಿದ್ದಿಲ್ರಿ, ಕಡಿಕ ಹಿಂಗಾತು ನೋಡ್ರಿ."

ದೊಡ್ಡಮ್ಮನನ್ನು ಮೌಶಿ ಎಂದೇ ಕರೆಯುತ್ತಿದ್ದ ಅವಳು ಇದನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ನನಗೂ ಅವರ ಮೇಲೆ ಅಕ್ಕರೆ ಇತ್ತೆಂದು ತಿಳಿದು ದುಃಖ ಹಂಚಿಕೊಂಡಳು.

ಈಗ ಆ ಸಭಾಂಗಣಕ್ಕೆ ಒಳ್ಳೆಯ ಹೆಸರಿದೆ. ಭಾನುವಾರ ತುಂಬುತ್ತದೆ, ಹೊರಗಿನವರೂ ನಾಟಕಕ್ಕೆ ಕೇಳುತ್ತಾರೆ. ಒಂದೊಂದು ಅಕ್ಷರವೂ ಕಡೆಯ ಸಾಲಿಗೆ ಮುಟ್ಟುತ್ತದೆ. ಗಾಯನ ಮಂಡಳಿ ಮಾತ್ರ ಬಾಯಾರು ಹೋದ ಮೇಲೆ ಚದುರಿತು. ಹಾಡುವಾಗ ಪಕ್ಕದವರ ದನಿ ಕೇಳುವುದಿಲ್ಲ ಎಂದು ಒಬ್ಬೊಬ್ಬರೇ ಬಿಟ್ಟರಂತೆ. ಈಗ ಧ್ವನಿಮುದ್ರಿಸಿದ ಹಾಡು ಹಚ್ಚುತ್ತಾರೆ. ಅವರು ತೀರಿಕೊಂಡ ಮರುವಾರ ನಾನೇ ನಿಂತು ವೇದಿಕೆಯ ಅಂಚಿಗೆ ಪಟ್ಟಿ ಹಚ್ಚಿಸಿದೆ. ಯಾಕೆಂದು ಯಾರೂ ಕೇಳಲಿಲ್ಲ.

ತಂಗಿಯ ಮಗಳು ಆಗಾಗ ಧಾರವಾಡದ ಪೇಟೆಯಲ್ಲಿ ಸಿಗುತ್ತಾಳೆ. ಮನೆಗೆ ಬರ್ರಿ ಎನ್ನುತ್ತಾಳೆ. ಪ್ರತಿ ಸಲವೂ ಹೇಳಬೇಕೆಂದು ಬಾಯಿ ತೆರೆದು, ಆರಾಮ ಇದ್ದೀರೇನ್ರಿ ಎಂದು ಕೇಳಿ ಬರುತ್ತೇನೆ. ಇದನ್ನು ಅವಳು ಓದಿದರೆ ಓದಲಿ. ಅವಳ ಮೌಶಿಯ ಕಾಲು ತಪ್ಪಿರಲಿಲ್ಲ. ಆ ದಿನ ಅಲ್ಲಿ ಪಟ್ಟಿ ಇರಲಿಲ್ಲ.